ಬಯಲಿನಲ್ಲಿ ಮ್ಯೂಲ್ ಡಿಯರ್ ಬೇಟೆ: ಗೈಡ್ ಜೊತೆ ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಡೆನ್ವರ್‌ನಿಂದ ಪೂರ್ವಕ್ಕೆ ಎರಡು ಗಂಟೆ ಗಾಡಿ ಓಡಿಸಿದರೆ ರಾಕಿ ಬೆಟ್ಟಗಳು ಹಿಂದಿನ ಕನ್ನಡಿಯಲ್ಲೂ ಕಾಣುವುದಿಲ್ಲ. ಕೊಯ್ಲಾದ ಜೋಳದ ಹೊಲ, ಆಗಷ್ಟೇ ಹಸಿರಾದ ಚಳಿಗಾಲದ ಗೋಧಿ, ಮೊಣಕಾಲುದ್ದದ ಒಣಹುಲ್ಲು, ಮುಳ್ಳುತಂತಿ ಬೇಲಿ. ಕೊಲೊರಾಡೊ ಅಂದರೆ ಹಿಮ, ಬೆಟ್ಟ ಅಂದುಕೊಂಡವರಿಗೆ ಇದು ಬೇರೆ ರಾಜ್ಯವೇ ಅನ್ನಿಸುತ್ತದೆ. ಆದರೆ ಮ್ಯೂಲ್ ಡಿಯರ್‌ಗೆ ಬೆಟ್ಟದಷ್ಟೇ ಈ ಬಯಲೂ ಸ್ವಂತ ಮನೆ. ಅಮೆರಿಕದ ಪಶ್ಚಿಮವನ್ನು ಅನ್ವೇಷಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು 1804ರಲ್ಲಿ ಈ ಜಿಂಕೆಯನ್ನು ಮೊದಲು ಕಂಡಿದ್ದು ಮಿಸೌರಿ ನದಿಯ ಬಯಲಿನಲ್ಲೇ. ಹೇಸರಗತ್ತೆಯ, ಅಂದರೆ ಮ್ಯೂಲ್‌ನ ಕಿವಿಯಂಥ ದೊಡ್ಡ ಕಿವಿ ನೋಡಿ ಆ ಹೆಸರಿಟ್ಟರು.

ನನ್ನದು ತೀರ್ಥಹಳ್ಳಿ ಕಡೆ. ಅಜ್ಜನ ಕಾಲದ ಬೇಟೆ ಕಥೆಗಳನ್ನು ಕೇಳಿಯೇ ಬೆಳೆದವನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಅದು ಮುಗಿದ ಮಾತು, ಮುಗಿದಿದ್ದೂ ಸರಿಯೇ. ಇಲ್ಲಿಯ ಲೆಕ್ಕ ಬೇರೆ. ಪ್ರತಿ ವರ್ಷ ಜಿಂಕೆಗಳ ಸಂಖ್ಯೆ ಅಂದಾಜು ಮಾಡಿ, ಎಷ್ಟು ಲೈಸೆನ್ಸ್ ಕೊಡಬೇಕು ಅಂತ ಸರ್ಕಾರ ತೀರ್ಮಾನಿಸುತ್ತದೆ. ಲೈಸೆನ್ಸ್ ದುಡ್ಡು ವನ್ಯಜೀವಿ ಇಲಾಖೆಗೇ ಹೋಗುತ್ತದೆ. ಇಲ್ಲಿ ನೆಲೆಸಿರುವ ನಮ್ಮವರು ಕೆಲವರು ಹೇಗೆ ಶುರು ಮಾಡುವುದು ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಪೂರ್ವ ಕೊಲೊರಾಡೊ, ಹಾಗಾಗಿ ನಿಯಮಗಳೆಲ್ಲ ಅಲ್ಲಿಯವು. ಪಕ್ಕದ ಕಾನ್ಸಾಸ್, ನೆಬ್ರಾಸ್ಕಾ, ವಯೋಮಿಂಗ್‌ಗಳಲ್ಲಿ ಬಯಲು ಒಂದೇ ಥರ ಇದ್ದರೂ ಕಾನೂನು ಬೇರೆ.

ಹಂತ 1: ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದನ್ನು ಬೇರೆ ಯಾವ ಬೇಟೆ ಪುಸ್ತಕವೂ ಮೊದಲ ಪುಟದಲ್ಲಿ ಹೇಳುವುದಿಲ್ಲ. ನಮಗೆ ಮಾತ್ರ ಇದೇ ಮೊದಲ ಪುಟ.

ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಅದರಲ್ಲಿ ನಮಗೆ ಮುಖ್ಯವಾದದ್ದು, ಇಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಗೆಳೆಯನ ರೈಫಲ್ ಎರವಲು ತಂದರೂ, ಗೈಡ್ ಕೊಟ್ಟ ರೈಫಲ್ ಹಿಡಿದರೂ ಇದು ಅನ್ವಯವಾಗುತ್ತದೆ. ಹಾಗಾಗಿ ಲೈಸೆನ್ಸ್ ಮೊದಲು, ರೈಫಲ್ ಆಮೇಲೆ. ಶೂಟಿಂಗ್ ರೇಂಜ್‌ಗೆ ಹೋಗುವುದೂ ಆಮೇಲೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಏನೇ ಆದರೂ ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿ. ಒಂದು ಜಿಂಕೆಗಾಗಿ ಹತ್ತು ವರ್ಷದ ಬದುಕನ್ನು ಪಣಕ್ಕೆ ಇಡಬಾರದು ಅಲ್ವಾ?

ಮುಂದಿನದು ಹಂಟರ್ ಎಜುಕೇಷನ್ ಕಾರ್ಡ್, ಅಂದರೆ ಸುರಕ್ಷಿತ ಬೇಟೆಯ ತರಬೇತಿ ಮುಗಿಸಿದವರಿಗೆ ಸಿಗುವ ಕಾರ್ಡ್. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಕೊಲೊರಾಡೊದಲ್ಲಿ ಅದು ಕಡ್ಡಾಯ. ಸುಮ್ನೆ ಒಂದು ಕಾಗದ ಅಂತ ಓಡಿಸಬೇಡಿ. ರೈಫಲ್‌ನ ಬಾಯಿ ಯಾವತ್ತೂ ಎತ್ತ ಇರಬೇಕು, ಬೇಲಿ ದಾಟುವಾಗ ಏನು ಮಾಡಬೇಕು ಅನ್ನುವುದು ಅಲ್ಲೇ ಮೈಗೆ ಹತ್ತಬೇಕು.

ಹಂತ 2: ಲೈಸೆನ್ಸ್ ಮತ್ತು ಸೀಸನ್

ಕೊಲೊರಾಡೊದಲ್ಲಿ ಜಿಂಕೆ ಲೈಸೆನ್ಸ್ ಅಂಗಡಿಗೆ ಹೋಗಿ ಕೇಳಿದ ಕೂಡಲೇ ಸಿಗುವುದಿಲ್ಲ. ಡ್ರಾ ಇರುತ್ತದೆ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಏಪ್ರಿಲ್ ಮೊದಲ ವಾರ. ಯುಗಾದಿ ಹೊತ್ತಿಗೆ ಅರ್ಜಿ ಅಂತ ನೆನಪಿಟ್ಟುಕೊಳ್ಳಿ. ಅರ್ಜಿ ಹಾಕುವ ಮೊದಲು ಕ್ವಾಲಿಫೈಯಿಂಗ್ ಲೈಸೆನ್ಸ್ ಅಂತ ಒಂದನ್ನು ಕೊಳ್ಳಬೇಕು. ಸಣ್ಣ ಪ್ರಾಣಿಗಳ ಬೇಟೆಗೆ ಕೊಡುವ ವರ್ಷದ ಲೈಸೆನ್ಸ್ ಆದರೂ ನಡೆಯುತ್ತದೆ. ಡ್ರಾದಲ್ಲಿ ಮೊದಲ ಆಯ್ಕೆ ಸಿಗದಿದ್ದರೆ ಒಂದು ಪ್ರಿಫರೆನ್ಸ್ ಪಾಯಿಂಟ್ ಸೇರುತ್ತದೆ, ಮುಂದಿನ ವರ್ಷಕ್ಕೆ ಅದು ಬಲ. ರಾಜ್ಯದಲ್ಲಿ ಸತತ ಆರು ತಿಂಗಳು ನೆಲೆಸಿದವರಿಗೆ ಸ್ಥಳೀಯರ ದರ, ಹೊರಗಿನವರಿಗೆ ಅದರ ಎಷ್ಟೋ ಪಟ್ಟು.

ಇನ್ನೊಂದು ದಾರಿ ಜಮೀನುದಾರರ ವೌಚರ್, ಅಂದರೆ ಲೈಸೆನ್ಸ್ ಕೊಳ್ಳುವ ಹಕ್ಕು ಕೊಡುವ ಚೀಟಿ. ದೊಡ್ಡ ಜಮೀನು ಇರುವವರಿಗೆ ರಾಜ್ಯವೇ ಕೆಲವು ವೌಚರ್ ಕೊಡುತ್ತದೆ, ಅವರು ಅದನ್ನು ಬೇಟೆಗಾರರಿಗೆ ವರ್ಗಾಯಿಸಬಹುದು. ಔಟ್‌ಫಿಟರ್‌ಗಳು ಅಂದರೆ ಗೈಡ್‌ಗಳನ್ನು ಇಟ್ಟುಕೊಂಡು ಬೇಟೆ ಏರ್ಪಾಡು ಮಾಡುವವರು. ಅವರಲ್ಲಿ ಕೆಲವರು ಈ ವೌಚರ್ ಸೇರಿಸಿಯೇ ಬೆಲೆ ಹೇಳುತ್ತಾರೆ. ಆ ವೌಚರ್ ಯಾವ ಯಾವ ಜಮೀನಿನಲ್ಲಿ ನಡೆಯುತ್ತದೆ ಅಂತ ಕೇಳಿ ಬರೆಸಿಕೊಳ್ಳಿ.

ಬಯಲಿನ ಮುಖ್ಯ ರೈಫಲ್ ಸೀಸನ್ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ. ಡಿಸೆಂಬರ್ ಮೊದಲರ್ಧದಲ್ಲಿ ಇನ್ನೊಂದು ಸಣ್ಣ ಸೀಸನ್. ಗಂಡುಗಳು ಹೆಣ್ಣಿನ ಹಿಂದೆ ಬೀಳುವ ಕಾಲ ನವೆಂಬರ್ ಮಧ್ಯದಲ್ಲಿ ಏರುತ್ತದೆ. ಮೊದಲ ಸೀಸನ್‌ನ ಕೊನೆಯ ದಿನಗಳಲ್ಲಿ ಅದರ ಸುಳಿವು ಕಾಣಿಸಲು ಶುರುವಾಗುತ್ತದೆ. ನನ್ನ ಆಯ್ಕೆ ಯಾವಾಗಲೂ ಆ ಕೊನೆಯ ದಿನಗಳೇ.

ಹಂತ 3: ಗೈಡ್ ಆರಿಸುವುದು

ಬಯಲಿನಲ್ಲಿ ಹೆಚ್ಚಿನ ನೆಲ ಖಾಸಗಿ. ಪಾನೀ, ಕಮಾಂಚಿ ಅನ್ನುವ ಎರಡು ರಾಷ್ಟ್ರೀಯ ಹುಲ್ಲುಗಾವಲುಗಳಿವೆ, ಅಲ್ಲೂ ಸಾರ್ವಜನಿಕ ನೆಲ ತುಂಡು ತುಂಡಾಗಿ ಖಾಸಗಿ ಹೊಲಗಳ ಮಧ್ಯೆ ಇದೆ. ಬೋರ್ಡ್ ಹಾಕಿಲ್ಲ ಅಂತ ಒಳಗೆ ಹೋಗುವಂತಿಲ್ಲ. ಅನುಮತಿ ಪಡೆಯುವುದು ಬೇಟೆಗಾರನ ಜವಾಬ್ದಾರಿ. ಗೈಡ್‌ಗೆ ದುಡ್ಡು ಕೊಡುವುದರಲ್ಲಿ ಅರ್ಧ ಪಾಲು ಈ ನೆಲಕ್ಕೆ, ಇನ್ನರ್ಧ ಅವರ ಕಣ್ಣಿಗೆ.

ಕೊಲೊರಾಡೊದಲ್ಲಿ ಔಟ್‌ಫಿಟರ್ ರಾಜ್ಯದಲ್ಲಿ ನೋಂದಾಯಿಸಿರಲೇಬೇಕು. ಬಾಂಡ್, ವಿಮೆ ಇರಬೇಕು, ಗ್ರಾಹಕರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ನೋಂದಣಿ ಸಂಖ್ಯೆ ಕೇಳಿ, ರಾಜ್ಯದ ತಾಣದಲ್ಲಿ ಹುಡುಕಿ ನೋಡಿ. ಆಮೇಲೆ ಫೋನಿನಲ್ಲಿ ಕೂತು ಮಾತಾಡಿ. ಒಬ್ಬ ಗೈಡ್‌ಗೆ ಎಷ್ಟು ಜನ ಬೇಟೆಗಾರರು? ಇಬ್ಬರಿಗಿಂತ ಜಾಸ್ತಿ ಅಂದರೆ ನಾನು ಮುಂದೆ ಮಾತಾಡುವುದಿಲ್ಲ. ಎಷ್ಟು ಎಕರೆ, ಅದೇ ನೆಲದಲ್ಲಿ ಅದೇ ವಾರ ಬೇರೆ ಯಾರಿರುತ್ತಾರೆ? ಜಿಂಕೆಗೆ ಗುಂಡು ತಾಗಿ ಕೈಗೆ ಸಿಗದಿದ್ದರೆ ಏನು ನಿಯಮ? ಈ ಕೊನೆಯ ಪ್ರಶ್ನೆಗೆ ಒಳ್ಳೆಯ ಔಟ್‌ಫಿಟರ್ ಕೊಡುವ ಉತ್ತರ ಸ್ಪಷ್ಟ: ರಕ್ತ ಬಿದ್ದರೆ ನಿಮ್ಮ ಬೇಟೆ ಮುಗಿಯಿತು, ಉಳಿದ ದಿನವೆಲ್ಲ ಅದನ್ನೇ ಹುಡುಕುವುದು. ಹೀಗೆ ಹೇಳುವವರನ್ನು ನಂಬಬಹುದು.

ಖರ್ಚು ಸಾವಿರಾರು ಡಾಲರ್ ಆಗುತ್ತದೆ. ಊಟ, ವಸತಿ, ಮಾಂಸ ಕತ್ತರಿಸುವ ಖರ್ಚು ಸೇರಿದೆಯೋ ಇಲ್ಲವೋ ಕೇಳಿ. ಗೈಡ್‌ಗೆ ಕೊನೆಯಲ್ಲಿ ಟಿಪ್ ಕೊಡುವುದು ವಾಡಿಕೆ, ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 4: ನಿಮ್ಮ ನಿಜವಾದ ದೂರ ಕಂಡುಹಿಡಿಯಿರಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಮೊದಲ ವರ್ಷ ಗೈಡ್ ನನ್ನನ್ನು, ಎಷ್ಟು ದೂರದಿಂದ ಹೊಡೆಯುತ್ತೀರಿ ಅಂತ ಕೇಳಿದರು. 300 ಗಜ ಅಂದೆ. ರೇಂಜ್‌ನಲ್ಲಿ ಮೇಜಿನ ಮೇಲೆ ಮರಳಿನ ಚೀಲ ಇಟ್ಟು 300 ಗಜದಲ್ಲಿ ಹೊಡೆದಿದ್ದೆ, ಸುಳ್ಳೇನೂ ಹೇಳಿರಲಿಲ್ಲ. ಆದರೆ ಬಯಲಿನಲ್ಲಿ ಮೇಜಿಲ್ಲ. ಎರಡನೇ ದಿನ ಬೆಳಿಗ್ಗೆ 280 ಗಜದಲ್ಲಿ ಒಂದು ಗಂಡು ಅಡ್ಡ ನಿಂತಿತು. ಕೂತು, ಕೋಲಿನ ಮೇಲೆ ರೈಫಲ್ ಇಟ್ಟು, ಏದುಸಿರು ಬಿಡುತ್ತಾ ಈಡು ಹೊಡೆದೆ. ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ಜಿಂಕೆಯ ಆಚೆ ಮಣ್ಣು ಹಾರಿತು. ನಾಲ್ಕೂ ಕಾಲು ಒಟ್ಟಿಗೆ ಎತ್ತಿ, ಸ್ಪ್ರಿಂಗ್ ಕಟ್ಟಿದ ಹಾಗೆ ಪುಟಿಯುತ್ತಾ ದಿಬ್ಬ ಹತ್ತಿ ಮರೆಯಾಯಿತು. ತಾಗಿಲ್ಲ ಅಂತ ಗೈಡ್‌ಗೆ ಗೊತ್ತಿತ್ತು. ಆದರೂ ಇಬ್ಬರೂ ಎರಡು ಗಂಟೆ ಹುಲ್ಲಿನ ಬುಡ ಬುಡ ನೋಡಿದೆವು. ಒಂದು ಹನಿ ರಕ್ತ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ನನಗೆ ಉಸಿರು ಬಂದಿದ್ದು.

ಹಾಗಾಗಿ ಅಭ್ಯಾಸ ಹೀಗೆ ಮಾಡಿ. ಕಾನೂನಿನ ಪ್ರಕಾರ ರೈಫಲ್‌ಗೆ ಕನಿಷ್ಠ .24 ಕ್ಯಾಲಿಬರ್ ಬೇಕು, ಅಂದರೆ ಗುಂಡಿನ ವ್ಯಾಸ 0.24 ಇಂಚು. 6.5 ಕ್ರೀಡ್‌ಮೂರ್, .270, .308 ತೋಟಾಗಳಲ್ಲಿ ಯಾವುದಾದರೂ ಧಾರಾಳ ಸಾಕು. ದೊಡ್ಡ ಕ್ಯಾಲಿಬರ್‌ನ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವುದಕ್ಕಿಂತ ಮೆತ್ತಗಿನದು ಒಳ್ಳೆಯದು. 200 ಗಜಕ್ಕೆ ಝೀರೋ ಮಾಡಿ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿ. ಆಮೇಲೆ ಮೇಜು ಬಿಟ್ಟು ಏಳಿ. ಕೂತು, ಮಲಗಿ, ಮೊಣಕಾಲೂರಿ ಹೊಡೆಯಿರಿ. ಐವತ್ತು ಹೆಜ್ಜೆ ಓಡಿ ಬಂದು ಹೊಡೆಯಿರಿ. ಊಟದ ತಟ್ಟೆಯಷ್ಟು ಅಗಲದ ಗುರಿಗೆ ಐದಕ್ಕೆ ಐದೂ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ಗಾಳಿ ಇರುವ ದಿನ ಬೇಕಂತಲೇ ಹೋಗಿ. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ 300 ಗಜದಲ್ಲಿ ಗುಂಡು ಸುಮಾರು ಆರರಿಂದ ಎಂಟು ಇಂಚು ಪಕ್ಕಕ್ಕೆ ಸರಿಯುತ್ತದೆ. ಬಯಲಿನಲ್ಲಿ 10 ಮೈಲಿ ಗಾಳಿ ಅಂದರೆ ಶಾಂತ ದಿನ.

ನನ್ನ ಲೆಕ್ಕ 220 ಗಜಕ್ಕೆ ಬಂತು. ಎರಡನೇ ವರ್ಷ ಗಾಡಿ ಹತ್ತುವಾಗಲೇ ಗೈಡ್‌ಗೆ ಅದನ್ನೇ ಹೇಳಿದೆ. ಸರಿ, ಹಾಗಾದರೆ ಅಷ್ಟು ಹತ್ತಿರ ಹೋಗೋಣ ಅಂದರು. ಮುಖದಲ್ಲಿ ಬೇಸರ ಇರಲಿಲ್ಲ, ನಿರಾಳ ಇತ್ತು.

ಗುಂಡು ಆರಿಸುವಾಗ ಒಂದು ಮಾತು. ಸೀಸದ ಗುಂಡು ಒಳಗೆ ಚೂರಾಗಿ ಮಾಂಸದಲ್ಲೂ ಕರುಳಲ್ಲೂ ಉಳಿಯುತ್ತದೆ. ಬಯಲಿನಲ್ಲಿ ಬಿಟ್ಟ ಕರುಳನ್ನು ಹದ್ದುಗಳು ತಿಂದು ವಿಷವೇರಿಸಿಕೊಳ್ಳುತ್ತವೆ. ಗೋಲ್ಡನ್ ಈಗಲ್‌ಗಳು ಆ ಆಕಾಶದ ಶೋಭೆ. ತಾಮ್ರದ ಗುಂಡು ಕೊಳ್ಳಿ, ಸ್ವಲ್ಪ ದುಬಾರಿ, ಅಷ್ಟೇ.

ಹಂತ 5: ಏನು ಹೊತ್ತುಕೊಂಡು ಹೋಗಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 10x42 ದುರ್ಬೀನು ಬೇಕೇ ಬೇಕು. ರೈಫಲ್‌ಗಿಂತ ನೂರು ಪಟ್ಟು ಜಾಸ್ತಿ ಹೊತ್ತು ಕಣ್ಣಿಗೆ ಇರುವುದು ಅದೇ. ಅದನ್ನು ಕೂರಿಸಲು ಒಂದು ಟ್ರೈಪಾಡ್. ದೂರ ಅಳೆಯುವ ರೇಂಜ್‌ಫೈಂಡರ್, ರೈಫಲ್‌ಗೆ ಆಸರೆ ಕೊಡುವ ಶೂಟಿಂಗ್ ಸ್ಟಿಕ್. ತಲೆ, ಎದೆ, ಬೆನ್ನಿಗೆ ಸೇರಿ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ, ಟೋಪಿಯೂ ಅದೇ ಬಣ್ಣ. ಜಿಂಕೆಗೆ ಕಿತ್ತಳೆ ಬಣ್ಣ ನಮ್ಮ ಹಾಗೆ ಕಾಣುವುದಿಲ್ಲ, ಹೆದರಬೇಡಿ.

ಬಟ್ಟೆ ಪದರ ಪದರವಾಗಿ ಇರಲಿ. ಬೆಳಿಗ್ಗೆ ನೀರು ಹೆಪ್ಪುಗಟ್ಟಿರುತ್ತದೆ, ಮಧ್ಯಾಹ್ನ ಅಂಗಿಯಲ್ಲೇ ಬೆವರುತ್ತೀರಿ. ಮರೆಯಬಾರದ್ದು ಎರಡು: ದಪ್ಪ ಚರ್ಮದ ಕೈಗವಸು ಮತ್ತು ಮೊಣಕಾಲಿಗೆ ಪ್ಯಾಡ್. ಒಣಹುಲ್ಲಿನ ಕೆಳಗೆ ಪಾಪಾಸುಕಳ್ಳಿ ಅಡಗಿರುತ್ತದೆ. ಒಂದು ಸಂಜೆ ನನ್ನ ಅಂಗೈಯನ್ನು ಟ್ರಕ್ಕಿನ ಬಾನೆಟ್ ಮೇಲೆ ಚಾಚಿಸಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಇಕ್ಕಳ ಹಿಡಿದು ಗೈಡ್ ಒಂದೊಂದೇ ಮುಳ್ಳು ಕಿತ್ತರು. ಹದಿನೇಳು ಎಣಿಸಿದೆ.

ಹಂತ 6: ಮೊದಲು ಕಣ್ಣು, ಆಮೇಲೆ ಕಾಲು

ನಮ್ಮ ಮಲೆನಾಡಿನಲ್ಲಿ ಹಳು ನುಗ್ಗಿ, ಗದ್ದಲ ಮಾಡಿ, ಪ್ರಾಣಿ ತಾನಾಗಿ ಓಡಿಬರುವ ಹಾಗೆ ಮಾಡುತ್ತಿದ್ದರಂತೆ. ಇಲ್ಲಿ ತದ್ವಿರುದ್ಧ. ನೀವು ಬಂದಿದ್ದೀರಿ ಅಂತ ಜಿಂಕೆಗೆ ಕೊನೆಯ ತನಕ ಗೊತ್ತೇ ಆಗಬಾರದು.

ಬೆಳಕು ಹರಿಯುವ ಮೊದಲೇ ಎತ್ತರದ ಒಂದು ಜಾಗದಲ್ಲಿ ಕೂತಿರಬೇಕು. ಗುಂಡು ಹಾರಿಸಲು ಕಾನೂನು ಬಿಡುವುದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯ ತನಕ. ರಾತ್ರಿ ಗೋಧಿ ಹೊಲದಲ್ಲಿ ಮೇಯ್ದ ಜಿಂಕೆಗಳು ಆ ಹೊತ್ತಿಗೆ ಮಲಗುವ ಜಾಗಕ್ಕೆ ಹೊರಡುತ್ತವೆ. ಬಯಲು ಸಪಾಟಾಗಿದೆ ಅಂತ ದೂರದಿಂದ ಅನ್ನಿಸುತ್ತದೆ, ಅದು ನಿಜ ಅಲ್ಲ. ಮಳೆನೀರು ಕೊರೆದ ಕೊರಕಲುಗಳು, ಮರಳಿನ ದಿಬ್ಬಗಳು, ಒಣಗಿದ ತೊರೆಗಳು ಎಲ್ಲೆಲ್ಲೂ ಇವೆ. ಗಂಡು ಜಿಂಕೆ ಅಂಥ ಕೊರಕಲಿನ ಅಂಚಿನ ಸ್ವಲ್ಪ ಕೆಳಗೆ, ಗಾಳಿ ತಾಗದ ಕಡೆ ಮಲಗುತ್ತದೆ. ಬೆನ್ನ ಹಿಂದಿನದನ್ನು ಮೂಗಿಗೆ ಬಿಟ್ಟು, ಮುಂದಿನದನ್ನು ಕಣ್ಣಿಗೆ ಬಿಡುತ್ತದೆ.

ಹೊಲದ ಪಕ್ಕದ ಹುಲ್ಲನ್ನೂ ಬಿಡಬೇಡಿ. ಸವೆದ ಹೊಲಗಳಿಗೆ ಹುಲ್ಲು ಬಿತ್ತಿ ಪಾಳು ಬಿಟ್ಟರೆ ರೈತನಿಗೆ ಸರ್ಕಾರ ದುಡ್ಡು ಕೊಡುವ ಸಿಆರ್‌ಪಿ ಅನ್ನುವ ಯೋಜನೆ 1985ರಿಂದ ಇದೆ. 1930ರ ದಶಕದ ಧೂಳಿನ ಬಿರುಗಾಳಿಯಲ್ಲಿ ಮಣ್ಣು ಹಾರಿಹೋದ ನಾಡು ಇದು. ಅಲ್ಲಿ ಈಗ ಸೊಂಟದೆತ್ತರ ಹುಲ್ಲು ನಿಂತಿದೆ, ಜಿಂಕೆಗಳು ಅದರೊಳಗೆ ಮಲಗುತ್ತವೆ.

ಇಡೀ ಜಿಂಕೆಯನ್ನು ಹುಡುಕಬೇಡಿ. ಕಿವಿ ಅಲುಗುವುದು, ಬಿಳಿ ಪೃಷ್ಠ, ಕಪ್ಪು ತುದಿಯ ಹಗ್ಗದಂಥ ಬಾಲ, ಹುಲ್ಲಿನ ಮೇಲೆ ಇಣುಕುವ ಕೊಂಬಿನ ತುದಿ, ಇಷ್ಟನ್ನು ಹುಡುಕಿ. ಅದೇ ಬಯಲಿನಲ್ಲಿ, ನದಿ ಬದಿಯಲ್ಲಿ ಜಾಸ್ತಿಯಾಗಿ, ವೈಟ್‌ಟೇಲ್ ಜಿಂಕೆಯೂ ಇದೆ. ಅದರ ಕೊಂಬು ಒಂದೇ ತೊಲೆಯಿಂದ ಕವಲು ಮೇಲೇಳುತ್ತದೆ, ಓಡುವಾಗ ಅಗಲ ಬಿಳಿ ಬಾಲ ಎತ್ತುತ್ತದೆ. ಮ್ಯೂಲ್ ಡಿಯರ್ ಕೊಂಬು ಎರಡಾಗಿ ಸೀಳಿ, ಆ ಎರಡೂ ಮತ್ತೆ ಎರಡಾಗಿ ಸೀಳುತ್ತದೆ. ವಯಸ್ಸನ್ನು ಕೊಂಬಿನಲ್ಲಿ ಅಳೆಯಬೇಡಿ, ಮೈಯಲ್ಲಿ ಅಳೆಯಿರಿ. ಎದೆ ಆಳವಾಗಿ, ಹೊಟ್ಟೆ ಜೋತು, ಕತ್ತು ದಪ್ಪವಾಗಿ ಕಂಡರೆ ವಯಸ್ಸಾದ ಗಂಡು. ಎಳೆಯದನ್ನು ಬಿಡುವುದು ಒಳ್ಳೆಯದು.

ಹಂತ 7: ಹತ್ತಿರ ಹೋಗುವುದು

ಎರಡನೇ ವರ್ಷದ ಮೂರನೇ ಸಂಜೆ ಒಂದು ದೊಡ್ಡ ಗಂಡು 380 ಗಜದಲ್ಲಿ ನಿಂತು ನಮ್ಮನ್ನೇ ನೋಡಿತು. ನಾನು ರೈಫಲ್ ಎತ್ತಲಿಲ್ಲ. ಗೈಡ್ ಏನೂ ಅನ್ನದೆ ಟ್ರೈಪಾಡ್ ಮಡಚಿದರು. ಮರುದಿನ ಅದೇ ಗಂಡು ಒಂದು ಕೊರಕಲಿನೊಳಗೆ ಇಳಿದು ಮಲಗುವುದನ್ನು ನೋಡಿದೆವು. ಹೊರಡುವ ಮೊದಲು ಗೈಡ್ ನನ್ನನ್ನು ಹತ್ತು ನಿಮಿಷ ಕೂರಿಸಿದರು. ಅದರ ಪಕ್ಕದ ಗುರುತುಗಳನ್ನು ನನ್ನ ಬಾಯಲ್ಲೇ ಹೇಳಿಸಿದರು: ಒಂಟಿ ಯುಕ್ಕಾ ಗಿಡ, ಬಾಗಿದ ಬೇಲಿಗೂಟ, ಬಿಳಿ ಮಣ್ಣಿನ ಕಲೆ. ಇದನ್ನು ನೀವೂ ಮಾಡಿ. ನೆಲಕ್ಕಿಳಿದ ಕೂಡಲೇ ಎಲ್ಲ ದಿಬ್ಬವೂ ಒಂದೇ ಥರ ಕಾಣುತ್ತದೆ.

ಗಾಳಿ ಮುಖಕ್ಕೆ ಬರುವ ಹಾಗೆ ಒಂದು ಮೈಲಿ ಸುತ್ತು ಹಾಕಿದೆವು. ಟಾಲ್ಕಂ ಪುಡಿಯ ಸಣ್ಣ ಬಾಟಲಿ ಜೇಬಲ್ಲಿ ಇರಲಿ, ಐದು ನಿಮಿಷಕ್ಕೊಮ್ಮೆ ಒತ್ತಿ ಗಾಳಿ ನೋಡಿ. ಗಾಳಿ ತಿರುಗಿದರೆ ವಾಪಸ್ ಬನ್ನಿ. ಆಸೆಗೆ ಬಿದ್ದು ಮುಂದೆ ಹೋದರೆ ಆ ಜಿಂಕೆಯನ್ನು ಆ ವಾರ ಮತ್ತೆ ಕಾಣುವುದಿಲ್ಲ. ಬೇಲಿ ಬಂದಾಗ ರೈಫಲ್ ಖಾಲಿ ಮಾಡಿ, ಮೊದಲು ಅದನ್ನು ಆಚೆ ಮಲಗಿಸಿ, ಆಮೇಲೆ ನೀವು ನುಸುಳಿ. ಗೇಟು ಹೇಗಿತ್ತೋ ಹಾಗೇ ಬಿಡಿ.

ಕೊನೆಯ 200 ಗಜ ಹೊಟ್ಟೆಯ ಮೇಲೆ ತೆವಳಿದೆವು. ಒಟ್ಟು ಎರಡು ಗಂಟೆ ಹಿಡಿಯಿತು. 140 ಗಜದಲ್ಲಿ ಅಂಚಿನಿಂದ ಇಣುಕಿದಾಗ ಕೊಂಬು ಮಾತ್ರ ಕಾಣಿಸಿತು. ಒಂದು ಕಿವಿ ನೊಣ ಓಡಿಸಿದ ಹಾಗೆ ಅಲುಗಿತು. ಇಲ್ಲಿ ಎಷ್ಟೋ ಜನ ಶಿಳ್ಳೆ ಹಾಕಿಯೋ ಕಲ್ಲು ಎಸೆದೋ ಎಬ್ಬಿಸುತ್ತಾರೆ. ಬೇಡ. ಹೆದರಿ ಎದ್ದ ಜಿಂಕೆ ಓಡುತ್ತದೆ, ತಾನಾಗಿ ಎದ್ದ ಜಿಂಕೆ ನಿಲ್ಲುತ್ತದೆ. ಐವತ್ತು ನಿಮಿಷ ಕಾದೆವು. ಆಮೇಲೆ ನಮ್ಮ ಕೊಟ್ಟಿಗೆಯ ದನ ಏಳುವ ಹಾಗೇ, ಹಿಂಗಾಲು ಮೊದಲು ಎತ್ತಿ, ಮೈ ಮುರಿದು, ಅಡ್ಡಕ್ಕೆ ನಿಂತಿತು.

ಹಂತ 8: ಈಡು, ಮತ್ತು ಅದರ ನಂತರದ ಅರ್ಧ ಗಂಟೆ

ಮೊದಲು ಜಿಂಕೆಯ ಹಿಂದೆ ಏನಿದೆ ನೋಡಿ. ದಿಗಂತದ ಮೇಲೆ ನಿಂತ ಜಿಂಕೆಗೆ ಯಾವತ್ತೂ ಹೊಡೆಯಬೇಡಿ. ಗುಂಡು ಆಚೆ ಎಷ್ಟು ಮೈಲಿ ಹೋಗಿ ಯಾರ ಅಂಗಳದಲ್ಲಿ ಬೀಳುತ್ತದೋ ಗೊತ್ತಿಲ್ಲ. ಹಿಂದೆ ಮಣ್ಣಿನ ಗೋಡೆ ಇರಬೇಕು. ಸಾರ್ವಜನಿಕ ರಸ್ತೆಯಿಂದ ಹೊಡೆಯುವಂತಿಲ್ಲ, ಗಾಡಿಯೊಳಗೆ ರೈಫಲ್‌ನ ಚೇಂಬರ್‌ನಲ್ಲಿ ತೋಟಾ ಇರುವಂತಿಲ್ಲ.

ಜಿಂಕೆ ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ ಗುರಿ ಇಡಿ. ಅಲ್ಲಿ ಶ್ವಾಸಕೋಶ ಇದೆ. ಎದುರು ನಿಂತಿದ್ದರೆ ಕಾಯಿರಿ. ಹೊಡೆದ ಕೂಡಲೇ ಮತ್ತೊಂದು ತೋಟಾ ಏರಿಸಿ, ಕಣ್ಣು ತೆಗೆಯಬೇಡಿ. ಕಣ್ಣೆದುರೇ ಬೀಳದಿದ್ದರೆ, ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಗುರುತು ಮಾಡಿ ಅರ್ಧ ಗಂಟೆ ಕೂತಿರಿ. ಆತುರದಲ್ಲಿ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಇನ್ನೂ ದೂರ ಹೋಗಿ ನರಳುತ್ತದೆ.

ನನ್ನದು ಮೂವತ್ತು ಹೆಜ್ಜೆ ಓಡಿ ಬಿತ್ತು. ಹತ್ತಿರ ಹೋಗಿ ಕತ್ತಿನ ಮೇಲೆ ಕೈ ಇಟ್ಟೆ. ಕೂದಲು ಒರಟಾಗಿತ್ತು, ಒಳಗೆ ಬಿಸಿ ಇತ್ತು, ಸೇಜ್ ಗಿಡದ ವಾಸನೆ ಬರುತ್ತಿತ್ತು. ಗೈಡ್ ಟೋಪಿ ತೆಗೆದು ಸ್ವಲ್ಪ ದೂರ ನಿಂತರು. ಫೋಟೋ ಆಮೇಲೆ ತೆಗೆಯಬಹುದು. ಆ ಐದು ನಿಮಿಷ ನಿಮ್ಮದಾಗಿ ಇರಲಿ.

ಹಂತ 9: ಮಾಂಸ

ಮೊದಲು ಲೈಸೆನ್ಸ್‌ನ ಟ್ಯಾಗ್‌ಗೆ ಸಹಿ ಮಾಡಿ, ದಿನಾಂಕ ಹಾಕಿ ಮೈಗೆ ಕಟ್ಟಿ. ತಡಮಾಡದೆ ಹೊಟ್ಟೆ ಬಿಚ್ಚಿ ಕರುಳು ತೆಗೆಯಿರಿ. ಮಧ್ಯಾಹ್ನದ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಚರ್ಮ ಸುಲಿದು, ಕಾಲುಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಿ, ಆಮೇಲೆ ಐಸ್ ಪೆಟ್ಟಿಗೆಗೆ. ಗಂಡೋ ಹೆಣ್ಣೋ ಅಂತ ತೋರಿಸುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು ಅನ್ನುವ ನಿಯಮ ಇದೆ, ಕತ್ತರಿಸುವ ಮೊದಲು ಗೈಡ್‌ರನ್ನು ಕೇಳಿ. ತಿನ್ನುವ ಮಾಂಸ ಬಿಟ್ಟು ಕೊಂಬು ಮಾತ್ರ ಒಯ್ಯುವುದು ಅಪರಾಧ.

ಇನ್ನು ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಜಿಂಕೆಗಳ ಮೆದುಳನ್ನು ತಿನ್ನುವ ಈ ರೋಗವನ್ನು ಮೊದಲು ಗುರುತಿಸಿದ್ದು 1967ರಲ್ಲಿ, ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ. ಈಗ ಬಯಲಿನಲ್ಲೂ ಇದೆ. ಮನುಷ್ಯರಿಗೆ ಹರಡಿದ ಪ್ರಕರಣ ದೃಢಪಟ್ಟಿಲ್ಲ, ಆದರೂ ರೋಗ ಇರುವ ಜಿಂಕೆಯನ್ನು ತಿನ್ನಬೇಡಿ ಅನ್ನುವುದು ಆರೋಗ್ಯ ಇಲಾಖೆಯ ಸಲಹೆ. ನೋಡುವುದಕ್ಕೆ ಗಟ್ಟಿಮುಟ್ಟಾಗಿರುವ ಜಿಂಕೆಯಲ್ಲೂ ರೋಗ ಇರಬಹುದು. ತಲೆಯನ್ನು ರಾಜ್ಯದ ವನ್ಯಜೀವಿ ಕಚೇರಿಗೆ ಒಯ್ದು ಪರೀಕ್ಷೆಗೆ ಕೊಡಿ. ಕೆಲವು ಕಡೆ ಇದು ಕಡ್ಡಾಯವೂ ಹೌದು. ಕತ್ತರಿಸುವಾಗ ರಬ್ಬರ್ ಕೈಗವಸು ಹಾಕಿ, ಮೆದುಳು ಮತ್ತು ಬೆನ್ನುಹುರಿಯನ್ನು ಮುಟ್ಟಬೇಡಿ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಮೂಳೆ ಬಿಡಿಸಿದ ಮಾಂಸ ಮಾತ್ರ ಒಯ್ಯಿರಿ.

ಫಲಿತಾಂಶ ಬರುವ ತನಕ ಫ್ರೀಜರ್‌ನಲ್ಲಿ ಪೊಟ್ಟಣಗಳನ್ನು ಬೇರೆಯಾಗಿ, ದಿನಾಂಕ ಬರೆದು ಇಡಿ. ಕಟುಕರ ಹತ್ತಿರ ಕೊಟ್ಟಿದ್ದರೆ ನಿಮ್ಮ ಜಿಂಕೆಯನ್ನು ಬೇರೆಯವರದರ ಜೊತೆ ಬೆರೆಸಬೇಡಿ ಅಂತ ಬರೆಸಿಕೊಳ್ಳಿ. ನಮ್ಮದು ಥ್ಯಾಂಕ್ಸ್‌ಗಿವಿಂಗ್ ಮುಂಚಿನ ವಾರ ಬಂತು, ರೋಗ ಇಲ್ಲ ಅಂತ. ಕೊಬ್ಬಿಲ್ಲದ ಮಾಂಸ ಇದು, ಕುರಿಯ ಹಾಗೆ ಗಂಟೆಗಟ್ಟಲೆ ಕುದಿಸಿದರೆ ಬೆನ್ನಿನ ತುಂಡು ಒಣಗಿ ನಾರಾಗುತ್ತದೆ. ಕಾಲಿನ ಮಾಂಸವನ್ನು ಸುಕ್ಕಕ್ಕೆ ಇಟ್ಟುಕೊಳ್ಳಿ, ಅದಕ್ಕೆ ನಿಧಾನ ಬೆಂಕಿ ಬೇಕು. ಬೆನ್ನಿನ ತುಂಡಿಗೆ ಉಪ್ಪು, ದಪ್ಪಗೆ ಕುಟ್ಟಿದ ಕಾಳುಮೆಣಸು ಸಾಕು. ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾಯಲಿ, ತುಪ್ಪ ಹಾಕಿ, ಒಂದೊಂದು ಕಡೆ ಎರಡೆರಡು ನಿಮಿಷ ಬೇಯಿಸಿ, ಇಳಿಸಿ ಐದು ನಿಮಿಷ ಮುಚ್ಚಿಟ್ಟು ಆಮೇಲೆ ಕತ್ತರಿಸಿ.